ಲಿಂಗಕ್ಕೆ ಹಿಡಿಯದ ಔಷಧ

ರೋಣದ ಪಿಯು ಕಾಲೇಜಿನಲ್ಲಿ ಜೀವಶಾಸ್ತ್ರ ಕಲಿಸುತ್ತಿದ್ದ ಕಾಲಕ್ಕೆ ನನ್ನ ಒಂದು ಪಾಠಕ್ಕೆ ಭಾರೀ ಹೆಸರಿತ್ತು. ಜೀನು ಪ್ರೋಟೀನನ್ನು ಹೇಗೆ ಮಾಡಿಸುತ್ತದೆ ಅನ್ನುವ ಪಾಠ. ಗಜೇಂದ್ರಗಡದಿಂದ, ನರಗುಂದದಿಂದ ಬೇರೆ ಕಾಲೇಜಿನ ವಿದ್ಯಾರ್ಥಿಗಳೂ ಅವತ್ತೊಂದು ದಿನ ಬಸ್ಸು ಹತ್ತಿ ಬಂದು ಹಿಂದಿನ ಬೆಂಚಿನಲ್ಲಿ ಕೂರುತ್ತಿದ್ದರು. ಸುಳ್ಳು ಯಾಕೆ ಹೇಳಲಿ, ಆ ದಿನ ನಾನು ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಹೋಗುತ್ತಿದ್ದೆ. ಅದೇ ಪಾಠವನ್ನು ಒಮ್ಮೆ ಮನೆಯಲ್ಲಿ, ಪಡಸಾಲೆಯ ಫರಸಿ ಕಲ್ಲಿನ ನೆಲದ ಮೇಲೆ ಕೂತು, ನನ್ನ ಅವ್ವನಿಗೆ ಮಾಡಿದೆ. ಅವಳ ಬಲಗಾಲು ಹೋದದ್ದು ಆ ಪಾಠದಿಂದ. ಗ್ಯಾಂಗ್ರೀನ್‌ನಿಂದ ಅಂತ ದವಾಖಾನೆಯ ಕಾಗದದಲ್ಲಿ ಬರೆದಿದ್ದಾರೆ. ಬರೆದುಕೊಳ್ಳಲಿ, ಅವರೇನು ಅವತ್ತು ನಮ್ಮ ಪಡಸಾಲೆಯಲ್ಲಿ ಇದ್ದರೇ.

ಅವ್ವ ಅಬ್ಬಿಗೇರಿಯ ಸಾಲಿಗೆ ಮೂರನೆಯ ಇಯತ್ತೆಯ ತನಕ ಹೋದವಳು. ಅಪ್ಪ ತೀರಿಕೊಂಡ ಮೇಲೆ ರೋಣಕ್ಕೆ ಬಂದು ನಮ್ಮ ಜೊತೆಗೇ ಇದ್ದಳು. ಕೊರಳಲ್ಲಿ ಇಷ್ಟಲಿಂಗ. ಲಿಂಗಕ್ಕೆ ಹಿಡಿಯದ ಒಂದು ಹನಿ ನೀರೂ ಅವಳ ಒಳಗೆ ಹೋಗುತ್ತಿರಲಿಲ್ಲ. ಎಡ ಅಂಗೈಯಲ್ಲಿ ಲಿಂಗ ಇಟ್ಟುಕೊಂಡು ಬಲಗೈಯಲ್ಲಿ ರೊಟ್ಟಿಯೋ ಹಣ್ಣೋ ಹಿಡಿದು ಒಂದು ಕ್ಷಣ ಕಣ್ಣು ಮುಚ್ಚಿದಳೆಂದರೆ ಅದು ಪ್ರಸಾದ; ಆಮೇಲೆ ಬಾಯಿಗೆ. ಸಕ್ಕರೆ ಬೇನೆ ಬಂದ ಮೇಲೆ ಮುಂಜಾನೆ ಸಂಜೆ ನುಂಗುವ ಗುಳಿಗೆಗಳಿಗೂ ಇದೇ ಕಾಯಿದೆ. ಹೊಸ ಔಷಧ ಬಂದಾಗಲೆಲ್ಲ ಮೊದಲು ಕೇಳುತ್ತಿದ್ದಳು, ‘ಇದನ್ನ ಎದರಾಗಿಂದ ಮಾಡ್ಯಾರ?’ ಎಣ್ಣೆ ತುಂಬಿದ ಗುಳಿಗೆ ಒಮ್ಮೆ ಬಂದಾಗ, ಅದರ ಮೇಲಿನ ಮೆತ್ತನೆ ಪದರ ಎಲುಬಿನಿಂದ ಮಾಡಿದ್ದು ಅಂತ ಯಾರೋ ಹೇಳಿದ್ದಕ್ಕೆ ತಿಪ್ಪೆಗೆ ಎಸೆದಿದ್ದಳು.

ನಾನು ಕಾಡಿಸುತ್ತಿದ್ದೆ. ‘ಗುಳಿಗಿನೂ ಲಿಂಗಕ್ಕ ತೋರಸ್ತೀಯಲ್ಲ, ಲಿಂಗಕ್ಕೂ ಸಕ್ಕರಿ ಬ್ಯಾನಿ ಬಂದೈತೇನವ್ವ?’

‘ಲಿಂಗಕ್ಕ ಎದಕ ಬರತೈತಿ. ನಿನ್ನ ನಾಲಿಗಿಗೆ ಬರಬೇಕಿತ್ತು ನೋಡು, ಸ್ವಲ್ಪರ ಸಿಹಿ ಆಗತಿತ್ತು,’ ಅನ್ನುತ್ತಿದ್ದಳು. ಹೆಂಡತಿ ಅಡುಗೆಮನೆಯಲ್ಲಿ ನಗುತ್ತಿದ್ದಳು. ಅತ್ತೆ ಸೊಸೆ ಇಬ್ಬರೂ ಆ ವಿಷಯದಲ್ಲಿ ಒಂದೇ ಪಾರ್ಟಿ.

ಆ ವರ್ಷ ಜೋಳದ ರಾಶಿಯ ಹೊತ್ತಿಗೆ ಅವ್ವ ಅಬ್ಬಿಗೇರಿಯ ಹೊಲಕ್ಕೆ ಹೋದಳು. ಕೊಯ್ದ ಜೋಳದ ಕೂಳೆ ಬಲಗಾಲಿನ ಹೆಬ್ಬೆರಳಿಗೆ ಚುಚ್ಚಿತು. ಪಾದ ಜೋಮು ಹಿಡಿದು ಎಷ್ಟೋ ದಿನವಾಗಿತ್ತು, ಚುಚ್ಚಿದ್ದು ಅವಳಿಗೆ ಗೊತ್ತೇ ಆಗಲಿಲ್ಲ. ಮನೆಗೆ ಬಂದು ಚಪ್ಪಲಿ ಬಿಟ್ಟಾಗ ರಕ್ತ ನೋಡಿದವಳು ನನ್ನ ಹೆಂಡತಿ. ಅರಿಷಿಣ ಹಚ್ಚಿದರು, ಮುಲಾಮು ಹಚ್ಚಿದರು, ಗಾಯ ಮಾಯಲಿಲ್ಲ. ಗಜೇಂದ್ರಗಡದಲ್ಲಿ ಸಕ್ಕರೆ ಬೇನೆಗೆ ಹೆಸರಾದ ಡಾಕ್ಟರು ಒಬ್ಬರಿದ್ದರು, ಅಲ್ಲಿಗೆ ಕರೆದುಕೊಂಡು ಹೋದೆ. ರಕ್ತ ತಪಾಸಣೆ ಮಾಡಿ ಅವರು ನನ್ನನ್ನು ಪಕ್ಕಕ್ಕೆ ಕರೆದರು. ‘ಗುಳಿಗಿಗೆ ಬಗ್ಗಂಗಿಲ್ರಿ ಇದು. ನಾಳಿಂದನ ಇನ್ಸುಲಿನ್ ಚಾಲೂ ಮಾಡ್ರಿ. ತಡಾ ಮಾಡಿದ್ರ ಮೊದಲ ಬೆರಳು ಹೋಗತೈತಿ, ಆಮ್ಯಾಲೆ ಕಾಲು.’ ಅಷ್ಟು ಸ್ಪಷ್ಟವಾಗಿ ಹೇಳಿದ್ದರು. ಗೊತ್ತಿರಲಿಲ್ಲ ಅನ್ನುವ ಹಾಗೂ ಇಲ್ಲ ನಾನು.

ರೋಣದ ಬಸ್ ಸ್ಟ್ಯಾಂಡಿನ ಹತ್ತಿರ ಔಷಧಿ ಅಂಗಡಿ ಇಟ್ಟುಕೊಂಡಿದ್ದ ಮುಸಲ್ಮಾನ ಕಂಪೌಂಡರ್ ಒಬ್ಬರು ಓಣಿಯಲ್ಲೆಲ್ಲ ಇಂಜೆಕ್ಷನ್ ಮಾಡುತ್ತಿದ್ದರು. ಐವತ್ತು ದಾಟಿದ, ಮೆತ್ತಗೆ ಮಾತಾಡುವ ಮನುಷ್ಯ. ಅವ್ವ ಅವರಿಗೆ ತಮ್ಮಾ ಅನ್ನುತ್ತಿದ್ದಳು, ಅವರು ಅಕ್ಕಾರ ಅನ್ನುತ್ತಿದ್ದರು. ಮರುದಿನ ಮುಂಜಾನೆ ಅವ್ವನ ಪೂಜೆ ಮುಗಿಯುವ ಹೊತ್ತಿಗೆ ಬಾಟಲಿ, ಸಿರಿಂಜು ತಗೊಂಡು ಬಂದರು.

‘ಎದರಾಗಿಂದ ಮಾಡ್ಯಾರ ತಮ್ಮಾ ಇದನ್ನ? ನರಗುಂದದಾಗ ನಮ್ಮ ತಂಗಿ ಹೇಳಿದ್ಲು, ದನ ಕಡದು ತಗೀತಾರಂತ.’

‘ಹಿಂದಕ ಹಂಗ ಇತ್ರಿ ಅಕ್ಕಾರ. ಇದು ದನದ್ದಲ್ಲ, ಹಂದೀದೂ ಅಲ್ಲ. ನಮ್ಮ ತಾಯಿಗೆ ಕೊಡೋ ಮುಂದ ನಾನೂ ಖಾತ್ರಿ ಮಾಡ್ಕೊಂಡೀನ್ರಿ. ಔಷಧ ಐತಿ, ಅಷ್ಟ. ಮನಸ್ಸಿನ್ಯಾಗ ಏನೂ ಇಟ್ಕೋಬ್ಯಾಡ್ರಿ.’

ಅವ್ವ ತಲೆ ಆಡಿಸಿದಳು. ಬಾಟಲಿಯನ್ನು ಬಲಗೈಯಲ್ಲಿ ತಗೊಂಡಳು. ಎಡಗೈ ಕೊರಳಿನ ಲಿಂಗದ ಕರಡಿಗೆಯ ಕಡೆಗೆ ಹೋಗಿತ್ತು. ಇನ್ನೊಂದು ಕ್ಷಣ ನಾನು ಬಾಯಿ ಮುಚ್ಚಿಕೊಂಡು ಕೂತಿದ್ದರೆ ಎಲ್ಲ ಮುಗಿದುಹೋಗುತ್ತಿತ್ತು.

ಆದರೆ ನನಗೆ ಸಿಟ್ಟು ಬಂದಿತ್ತು. ಜೀವಶಾಸ್ತ್ರದ ಉಪನ್ಯಾಸಕನ ಮನೆಯಲ್ಲಿ, ಅವನ ಎದುರಿಗೇ, ಒಬ್ಬ ಕಂಪೌಂಡರ್ ‘ಔಷಧ ಐತಿ, ಅಷ್ಟ’ ಅಂತ ಹೇಳಿ ಮುಗಿಸುವುದೆಂದರೇನು? ಅಜ್ಞಾನ ಅನ್ನಿಸಿತು. ಹಾಗಲ್ಲ, ಸರಿಯಾಗಿ ಕೇಳು ಅವ್ವ, ಅಂತ ಅಂಗಿಯ ಕಿಸೆಯಿಂದ ಬೋರ್ಡಿಗೆ ಬರೆಯುವ ಖಡುವಿನ ತುಂಡು ತೆಗೆದೆ. ಪಡಸಾಲೆಯ ಕರಿ ಫರಸಿಯ ಮೇಲೆ ಚಿತ್ರ ಬಿಡಿಸಿದೆ.

‘ನಮ್ಮ ಮೈಯಾಗಿನ ಒಂದೊಂದು ಕಣದಾಗೂ ಒಂದು ದಫ್ತರ ಐತಿ ಅಂತ ತಿಳಿ. ಅದಕ್ಕ ಡಿಎನ್‌ಎ ಅಂತಾರ. ಚಾವಡ್ಯಾಗಿನ ಮೂಲ ದಫ್ತರ ಹ್ಯಾಂಗ ಹೊರಗ ಬರಂಗಿಲ್ಲೋ ಹಂಗ ಅದೂ ಬರಂಗಿಲ್ಲ. ನಮಗ ಬೇಕಾದ ಪುಟದ ಉತಾರ ಅಷ್ಟ ಹೊರಗ ಬರತೈತಿ.’

ಹೊಲದ ಉತಾರಕ್ಕೆ, ಅಂದರೆ ಪಹಣಿಯ ನಕಲಿಗೆ, ಚಾವಡಿಗೆ ಅಲೆದವಳಲ್ಲವೇ, ಅವಳಿಗೆ ಥಟ್ಟನೆ ತಿಳಿಯಿತು. ಆ ಪುಟ ಜೀನು, ಉತಾರ ಆರ್‌ಎನ್‌ಎ. ಹೊರಗೆ ರೈಬೋಸೋಮ್ ಎಂಬ ಕಾರ್ಖಾನೆ ಉತಾರವನ್ನು ಮೂರು ಮೂರು ಅಕ್ಷರದಂತೆ ಓದುತ್ತ ಹೋಗುತ್ತದೆ. ಮೂರಕ್ಷರಕ್ಕೆ ಒಂದು ಅಮೈನೋ ಆಮ್ಲ. ಒಂದಕ್ಕೊಂದು ಪೋಣಿಸಿಕೊಂಡು ಹೋದರೆ ಪ್ರೋಟೀನು. ಇನ್ಸುಲಿನ್ ಅಂದರೆ ಹಾಗೆ ಐವತ್ತೊಂದು ಮಣಿ ಪೋಣಿಸಿದ ಸಣ್ಣ ಪ್ರೋಟೀನು. ಈಗ ವಿಜ್ಞಾನಿಗಳು ಏನು ಮಾಡುತ್ತಾರೆಂದರೆ, ಮನುಷ್ಯನ ಇನ್ಸುಲಿನ್ ಪುಟವನ್ನು ಒಂದು ಸೂಕ್ಷ್ಮಾಣುವಿನ ದಫ್ತರದಲ್ಲಿ ಸೇರಿಸುತ್ತಾರೆ. ಅದರ ಒಳಗೆ ಬಳೆಯಂತೆ ದುಂಡಗಿನ ಡಿಎನ್‌ಎ ಇರುತ್ತದೆ. ಒಂದು ಕಿಣ್ವ ಅದನ್ನು ಕತ್ತರಿಸುತ್ತದೆ, ನಡುವೆ ನಮ್ಮ ಜೀನು ಇಟ್ಟರೆ ಇನ್ನೊಂದು ಕಿಣ್ವ ಅಂಟಿಸುತ್ತದೆ. ಪುಟ ಯಾರದು ಅಂತ ಸೂಕ್ಷ್ಮಾಣು ಕೇಳುವುದಿಲ್ಲ. ಓದುತ್ತದೆ, ಮಾಡುತ್ತದೆ. ಒಂದು ಎರಡಾಗಿ, ಎರಡು ನಾಲ್ಕಾಗಿ, ದೊಡ್ಡ ಟಾಕಿಗಳಲ್ಲಿ ಬೆಳೆಸಿ, ಅದರಿಂದ ಇನ್ಸುಲಿನ್ ಬೇರೆ ಮಾಡಿ, ಶುದ್ಧ ಮಾಡಿ, ಬಾಟಲಿಗೆ ತುಂಬುತ್ತಾರೆ.

ಅಷ್ಟು ಚಲೋ ಪಾಠ ನಾನು ಕಾಲೇಜಿನಲ್ಲೂ ಮಾಡಿರಲಿಲ್ಲ. ಅವ್ವ ಬಾಟಲಿ ಹಿಡಿದುಕೊಂಡೇ ಕಣ್ಣು ಮಿಟುಕಿಸದೆ ಕೇಳಿದಳು. ಕಂಪೌಂಡರ್ ಎರಡು ಸಲ ‘ಸರ್, ತಡಾ ಆಗತೈತ್ರಿ’ ಅಂದರು, ನಾನು ಕೈ ಎತ್ತಿ ಸುಮ್ಮನಿರಿಸಿದೆ. ಕೊನೆಗೆ ಅವ್ವ ಒಂದು ಪ್ರಶ್ನೆ ಕೇಳಿದಳು. ನನ್ನ ಯಾವ ವಿದ್ಯಾರ್ಥಿಯೂ ಆ ಪ್ರಶ್ನೆ ಕೇಳಿರಲಿಲ್ಲ.

‘ಆ ಹುಳ ಮೊದಲ ಎಲ್ಲೆ ಇರತೈತಿ? ಹಿಡಕೊಂಡು ಬರೂದು ಎಲ್ಲಿಂದ?’

ಪ್ರಯೋಗಾಲಯದಲ್ಲಿ ಅನ್ನಬಹುದಿತ್ತು. ಅದೂ ಖರೇನೇ. ಆದರೆ ಪ್ರಶ್ನೆ ಕೇಳಿದ್ದಕ್ಕೆ ನನಗೆ ಎಷ್ಟು ಖುಷಿಯಾಗಿತ್ತೆಂದರೆ ಪೂರ್ತಿ ಉತ್ತರ ಕೊಟ್ಟುಬಿಟ್ಟೆ. ‘ಎಲ್ಲಿಂದೋ ಅಲ್ಲವ್ವ, ನಮ್ಮ ಕರುಳಿನ್ಯಾಗ ಇರತೈತಿ. ಹೇಲಿನ್ಯಾಗ ಕೋಟಿಗಟ್ಟಲೆ ಸಿಗತಾವ.’

ಕಂಪೌಂಡರ್ ನೆಲ ನೋಡಿದರು. ಅವ್ವ ಬಾಟಲಿಯನ್ನು ಮೆಲ್ಲಗೆ ಫರಸಿಯ ಮೇಲೆ, ನನ್ನ ಚಿತ್ರದ ಪಕ್ಕದಲ್ಲಿ ಇಟ್ಟಳು. ಎದ್ದು ಹೋಗಿ ಕೈ ತೊಳೆದು ಬಂದಳು.

‘ಇದನ್ನ ನಾ ಲಿಂಗಕ್ಕ ಹ್ಯಾಂಗ ಹಿಡೀಲಿ?’

ಸಿಟ್ಟಿನಿಂದಲ್ಲ. ನಿಜವಾಗಿ ಕೇಳಿದಳು, ನಾನೇ ದಾರಿ ಹೇಳಿಕೊಡುತ್ತೇನೆ ಅನ್ನುವ ಹಾಗೆ. ಎಲ್ಲ ತೊಳೆದು ಸ್ವಚ್ಛ ಮಾಡಿರುತ್ತಾರೆ ಅಂದೆ. ‘ತೊಳದ್ರ ಹೇಲು ಪ್ರಸಾದ ಆಗತೈತೇನು?’ ಅಂದಳು. ಒದರಾಡಿದೆ. ಹಟಮಾರಿ ಅಂದೆ, ಅಡ್ಡನಾಡಿ ಅಂದೆ, ಹೆತ್ತ ತಾಯಿಗೆ ಅನ್ನಬಾರದ್ದನ್ನೆಲ್ಲ ಅಂದೆ. ಅವಳು ಗೋಡೆಗೆ ಒರಗಿ ಕೂತು ಬತ್ತಿ ಹೊಸೆಯುತ್ತಿದ್ದಳು.

ಹೊರಗೆ ಬಂದು ಕಂಪೌಂಡರ್ ಚಪ್ಪಲಿ ಮೆಟ್ಟುತ್ತ ಹೇಳಿದರು, ‘ನೀವು ಭಾಳ ಕಲ್ತವರು ಸರ್. ಆದ್ರ ಆಕಿ ಕೇಳಿದ್ದು ದನದ್ದೋ ಅಲ್ಲೋ ಅಂತ ಅಷ್ಟರಿ.’

ಆಮೇಲೆ ಏನೇನು ಮಾಡಿದೆ. ಎಂಟು ದಿನ ಬಿಟ್ಟು, ಗಿಡಮೂಲಿಕೆಯ ಇನ್ಸುಲಿನ್ ಬಂದಿದೆ ಅಂತ ಅದೇ ಬಾಟಲಿಯ ಚೀಟಿ ಕಿತ್ತು ತಂದೆ. ಅವಳು ನಕ್ಕುಬಿಟ್ಟಳು. ‘ಸುಳ್ಳ ಹೇಳೂದು ಮೊದಲ ಕಲಿಬೇಕಿತ್ತು ಮಗನ, ಈಗ ಕಲತ್ರ ಏನ ಉಪಯೋಗ?’ ಮಠದ ಸ್ವಾಮಿಗಳನ್ನು, ಅವ್ವ ಅಪ್ಪಾರು ಅನ್ನುವವರನ್ನು, ಮನೆಗೆ ಬರಮಾಡಿಕೊಂಡೆ. ಅವರು ದೊಡ್ಡ ಮನಸ್ಸಿನವರು, ಔಷಧಕ್ಕೆ ದೋಷವಿಲ್ಲ, ಚುಚ್ಚಿಸಿಕೊಳ್ಳಿ ತಾಯಿ ಅಂದರು. ಅವ್ವ ಪಾದ ಮುಟ್ಟಿ ನಮಸ್ಕಾರ ಮಾಡಿದಳು. ಅವರು ಹೋದ ಮೇಲೆ ನನಗೆ ಹೇಳಿದಳು, ‘ಅಪ್ಪಾರ ಲಿಂಗ ಅಪ್ಪಾರದು, ನನ್ನ ಲಿಂಗ ನನ್ನದು.’ ಬಾಟಲಿ ಫ್ರಿಜ್ಜಿನಲ್ಲಿ ಇತ್ತು. ಅದನ್ನು ಕಂಡು ಸೊಸೆಯನ್ನು ಕರೆದಳು. ‘ನನ್ನ ಮಸರಿನ ಬಾಜೂಕ ಅದನ್ನ ಇಡಬ್ಯಾಡವಾ, ತಗದ ಬ್ಯಾರೆ ಕಡೆ ಇಡು.’

ಆ ಮೊಸರಿನ ಹೆಪ್ಪು ಅವ್ವನ ಅತ್ತೆಯ ಕಾಲದ್ದು. ಅಬ್ಬಿಗೇರಿಯಿಂದ ಬರುವಾಗ ಪಿಂಗಾಣಿ ಭರಣಿಯಲ್ಲಿ ತೊಡೆಯ ಮೇಲೆ ಇಟ್ಟುಕೊಂಡು ತಂದಿದ್ದಳು. ಒಂದು ದಿನವೂ ತಪ್ಪದೆ ಹಾಲಿಗೆ ಅದನ್ನೇ ಹಾಕುತ್ತ ಬಂದಿದ್ದಳು. ರೊಟ್ಟಿ, ಮೊಸರು ಇಲ್ಲದೆ ಅವಳ ಊಟವಿಲ್ಲ. ಹೆಂಡತಿ ಬಾಟಲಿಯನ್ನು ಕೆಳಗಿನ ಖಾನೆಗೆ ಇಳಿಸಿದಳು.

ಹೆಬ್ಬೆರಳು ಕರಿ ಆಯಿತು. ವಾಸನೆ ಬಂತು. ಹುಬ್ಬಳ್ಳಿಯ ದೊಡ್ಡ ದವಾಖಾನೆಗೆ ಒಯ್ಯುವ ಹೊತ್ತಿಗೆ ಅವಳಿಗೆ ಜ್ವರದಲ್ಲಿ ಎಚ್ಚರವಿರಲಿಲ್ಲ. ಮೊಣಕಾಲ ಕೆಳಗೆ ತೆಗೆಯಬೇಕು ಅಂದರು, ಸಹಿ ಮಾಡಿದೆ. ಕೊರಳಲ್ಲಿ ಏನೂ ಇರಬಾರದು ಅಂದರು. ನಾನು ಕೈ ಮುಗಿದಾಗ ನರ್ಸಮ್ಮ ಲಿಂಗವನ್ನು ಬಟ್ಟೆಯಲ್ಲಿ ಸುತ್ತಿ ಅವಳ ಮುಂಗೈಗೆ ಕಟ್ಟಿದಳು. ಸಲಾಯಿನ್ ಜೊತೆ ಇನ್ಸುಲಿನ್ ಹೋಗುತ್ತಿತ್ತು. ನಾನು ನೋಡುತ್ತ ನಿಂತಿದ್ದೆ, ಬೇಡ ಅನ್ನಲಿಲ್ಲ. ಎಚ್ಚರಾದ ಮೇಲೆ ಅವ್ವ ಕಾಲಿನ ಸುದ್ದಿ ಕೇಳಲಿಲ್ಲ. ‘ಅದನ್ನ ಚುಚ್ಚಿದ್ರೇನು?’ ಅಂದಳು.

‘ಇಲ್ಲವ್ವ.’

ಈ ಸಲ ನಂಬಿದಳು. ಇಂಥದೊಂದು ಸುಳ್ಳನ್ನು ಎರಡು ತಿಂಗಳು ಮೊದಲು, ಆ ಪಾಠದ ಬದಲು ಹೇಳಿದ್ದರೆ ಅವಳು ಎರಡು ಕಾಲಿನ ಮೇಲೆ ನಡೆದು ಮನೆಗೆ ಬರುತ್ತಿದ್ದಳು.

ಮನೆಗೆ ತಂದೆವು. ಗುಳಿಗೆ ಮತ್ತೆ ಶುರುವಾದವು, ಇನ್ಸುಲಿನ್ ಮಾತ್ರ ಬೇಡ ಅಂದಳು. ಊಟ ಸೇರದಾಯಿತು. ರೊಟ್ಟಿ ಬಿಟ್ಟಳು, ಪಲ್ಯ ಬಿಟ್ಟಳು. ಹಿಡಿ ಅನ್ನಕ್ಕೆ ಮೊಸರು ಕಲಸಿ ಕೊಟ್ಟರೆ ಅಷ್ಟೇ ಇಳಿಯುತ್ತಿತ್ತು. ಹಾಗೆ ಹನ್ನೊಂದು ತಿಂಗಳು ಇದ್ದಳು.

ಮನೆಗೆ ತಂದ ಮೊದಲ ವಾರದ ಒಂದು ಸಂಜೆ ಹೆಂಡತಿ ಅಡುಗೆಮನೆಯಲ್ಲಿ ಹಾಲಿಗೆ ಹೆಪ್ಪು ಹಾಕುತ್ತಿದ್ದಳು. ಬಾಗಿಲಲ್ಲಿ ನಿಂತು ನೋಡುತ್ತಿದ್ದೆ. ಭರಣಿಯಿಂದ ಅರ್ಧ ಚಮಚ ತೆಗೆದು ಹಾಲಿಗೆ ಬಿಟ್ಟು ಕದಡಿದಳು. ಅರ್ಧ ಚಮಚ ಸೂಕ್ಷ್ಮಾಣು. ಒಂದು ಎರಡಾಗಿ, ಎರಡು ನಾಲ್ಕಾಗಿ. ಅತ್ತೆಯಿಂದ ಸೊಸೆಗೆ ಬಂದ ಹುಳಗಳನ್ನು ದಿನವೂ ಲಿಂಗಕ್ಕೆ ಹಿಡಿದು ಉಂಡವಳು ನನ್ನ ಅವ್ವ. ಹೆಪ್ಪು ಹಾಕಿದ ಹಾಗೆ ಅವ್ವ, ಅಂತ ಅವತ್ತು ಒಂದು ಮಾತು ಅಂದಿದ್ದರೆ ಸಾಕಿತ್ತು. ಹಾಲು ಮೊಸರಾಗುವ ಹಾಗೆ ಈ ಔಷಧ ಆಗುತ್ತದೆ ಅಂತ. ಫರಸಿಯ ಮೇಲೆ ಕೂತು ಅಷ್ಟೆಲ್ಲ ಗೀಚಿದವನಿಗೆ, ಚಾವಡಿ ಉತಾರ ಎಲ್ಲ ಹೊಳೆದವನಿಗೆ, ಅದೊಂದು ಮಾತು ಹೊಳೆಯಲಿಲ್ಲ. ಥೂ ನನ್ನ ಜನ್ಮಕ್ಕೆ.

ಈಗಲಾದರೂ ಹೇಳೋಣ ಅನ್ನಿಸಿತು. ಇನ್ನೊಂದು ಕಾಲು ಇದೆಯಲ್ಲ. ಪಡಸಾಲೆಗೆ ನಡೆದೆ. ಅವ್ವ ಗೋಡೆಗೆ ದಿಂಬು ಕೊಟ್ಟು ಕೂತು ಮೊಸರನ್ನದ ತಾಟು ಮುಂದಿಟ್ಟುಕೊಂಡಿದ್ದಳು, ಅಂಗೈಯಲ್ಲಿ ಲಿಂಗ. ‘ಅವ್ವ, ಈ ಮಸರು ಹ್ಯಾಂಗಾಗತೈತಿ ಗೊತ್ತೈತೇನು—’ ಅನ್ನುವಷ್ಟರಲ್ಲಿ ಹೆಂಡತಿ ಹಿಂದಿನಿಂದ ಬಂದು ನನ್ನ ರಟ್ಟೆ ಹಿಡಿದಳು. ಹಾಲು ಹತ್ತಿದ ಕೈ. ಒಳಗೆ ಬಾಯಿ ಬಿಟ್ಟು ನಾನೇನೂ ಅಂದಿರಲಿಲ್ಲ, ಆದರೂ ಅವಳಿಗೆ ತಿಳಿದಿತ್ತು. ಇಷ್ಟು ವರ್ಷ ನನ್ನ ಪಾಠ ಕೇಳಿದವಳು.

‘ಬ್ಯಾಡ್ರಿ,’ ಅಂದಳು, ನನಗಷ್ಟೇ ಕೇಳುವ ಹಾಗೆ. ‘ಈಗ ಹೇಳಿದ್ರ ಅದನ್ನೇನ್ ತಗೊಳ್ಳಂಗಿಲ್ಲ. ಇದನ್ನೂ ಬಿಡತಾರ.’

ಅವಳು ಹೇಳಿದ್ದು ಖರೇ. ನನ್ನ ಅವ್ವನನ್ನು ನನಗಿಂತ ಅವಳೇ ಚೆನ್ನಾಗಿ ಬಲ್ಲವಳು.

‘ಏನೋ ಹೇಳಾಕ ಬಂದಿದ್ಯಲ್ಲ?’ ಅವ್ವ ತುತ್ತು ಹಿಡಿದುಕೊಂಡೇ ಕೇಳಿದಳು. ‘ಮಸರಿಂದು ಏನು?’

‘ಏನಿಲ್ಲವ್ವ,’ ಅಂದೆ. ‘ಚಲೋ ಹೆಪ್ಪಾಗೇತಿ. ಉಣ್ಣು.’

ಅವ್ವ ಕಣ್ಣು ಮುಚ್ಚಿ ಆ ತುತ್ತನ್ನು ಲಿಂಗಕ್ಕೆ ಹಿಡಿದಳು, ಆಮೇಲೆ ಉಂಡಳು.