ಹೆಣದ ಮುಂದೆ ಆಡಿದ ತೆಲುಗು

ಗಂಜಿಯ ನಾತ ಈಗಲೂ ನನ್ನ ಮೂಗಿನಲ್ಲಿದೆ. ದೊಡ್ಡಬಳ್ಳಾಪುರದ ನಮ್ಮ ನೇಕಾರರ ಬೀದಿಯಲ್ಲಿ ಬೆಳಕು ಹರಿಯುತ್ತಲೇ ನೂಲಿನ ಹಾಸನ್ನು ಉದ್ದಕ್ಕೆ ಎಳೆದು ಕಟ್ಟಿ, ಹುಳಿ ಬಂದ ಗಂಜಿ ಬಳಿದು ತೀಡುತ್ತಿದ್ದರು. ಹಾಗೆ ಮಾಡದಿದ್ದರೆ ಮಗ್ಗದಲ್ಲಿ ಎಳೆ ನಿಲ್ಲುತ್ತಿರಲಿಲ್ಲ. ಉಟ್ಟ ಸೀರೆ, ತಲೆಗೂದಲು, ಉಣ್ಣುವ ಕೈ ಎಲ್ಲಾ ಅದೇ ನಾತ. ನಾನು ತೆಲುಗು ಕಲಿಯಲು ಶುರು ಮಾಡಿದ್ದು ಆ ನಾತದಲ್ಲಿ.

ನಾನು ನೆಲಮಂಗಲದ ಕಡೆಯವಳು. ತೌರಿನಲ್ಲೂ ಮಗ್ಗವೇ, ಆದರೆ ಮನೆಮಾತು ಕನ್ನಡ. ಎರಡನೇ ಮಹಾಯುದ್ಧ ಶುರುವಾಗುವ ಹಿಂದಿನ ವರ್ಷ, ವಯಸ್ಸು ಮೀರಿದ ಹೆಣ್ಣು ಅನ್ನಿಸಿಕೊಂಡ ಮೇಲೆ, ಈ ತೆಲುಗು ಮನೆಗೆ ಕೊಟ್ಟರು. ಕುಲ ಒಂದೇ, ಮಾತು ಮಾತ್ರ ಬೇರೆ. "ಅದೇನು ಮಹಾ, ನಾಕು ದಿನದಾಗೆ ಬಂದ್ಬಿಡ್ತದೆ" ಎಂದು ಅಪ್ಪ ಕೈ ತೊಳೆದುಕೊಂಡ.

ನಾಕು ದಿನದಲ್ಲಿ ಬಂದದ್ದು ಲಾಗು, ಪಟ್ಟು, ವದುಲು. ಎಳಿ, ಹಿಡಿ, ಬಿಡು. ಹಾಸಿನ ಆ ತುದಿಯಿಂದ ಅತ್ತೆ ಕೂಗುತ್ತಿದ್ದರು, ಈ ತುದಿಯಲ್ಲಿ ನಾನು ಎಳೆದು, ಹಿಡಿದು, ಬಿಡುತ್ತಿದ್ದೆ. ಆಮೇಲೆ ಬಂದದ್ದು ಬೈಗುಳ. ಬೈಗುಳ ಕಲಿಯಲು ಕಷ್ಟವೇ ಇಲ್ಲ, ದಿನಾ ಪಾಠ ನಡೆಯುತ್ತಿತ್ತಲ್ಲ! ಕೆಲವು ವರ್ಷಗಳಲ್ಲಿ ಅವರು ಆಡುವುದೆಲ್ಲ ಅರ್ಥವಾಗತೊಡಗಿತು, ಹಿತ್ತಲಲ್ಲಿ ಪಿಸುಗುಟ್ಟಿದ್ದೂ ಸೇರಿ. ಆದರೆ ಬಾಯಿಗೆ ಬರಬೇಕಲ್ಲ? ಬಾಯಿ ತೆರೆಯಲು ಬಿಟ್ಟರೆ ತಾನೇ ಬರುವುದು! ನಾನು ತಡವರಿಸುತ್ತಾ ಒಂದು ಮಾತು ಶುರು ಮಾಡಿದರೆ ಅತ್ತೆ ಅರ್ಧದಲ್ಲೇ ಕೈ ಅಡ್ಡ ಹಿಡಿದು, "ನಿಂಗ್ಯಾಕಮ್ಮಾ ಈ ಕಷ್ಟ, ಕನ್ನಡದಾಗೇ ಹೇಳು" ಅನ್ನುತ್ತಿದ್ದರು. ದಯೆಯಂತೆ! ಆ ಮನೆಯಲ್ಲಿ ಕನ್ನಡ ಎಂದರೆ ಬೀದಿ ಬಾಗಿಲಿನ ಭಾಷೆ. ಸೊಪ್ಪಿನವಳ ಹತ್ತಿರ, ಮಜ್ಜಿಗೆಯವಳ ಹತ್ತಿರ ಆಡುವುದು. ಒಳಗಿನವರಿಗೆ ತೆಲುಗು. ನಾನು ಒಲೆಯ ಮುಂದೆ ಕೂತಿದ್ದರೂ ಬಾಗಿಲಾಚೆಯವಳೇ.

ಹಿಂದೂಪುರದಿಂದ ನೆಂಟರು ಬಂದರಂತೂ ನನ್ನ ಕಥೆ ಮುಗಿದ ಹಾಗೆ. ಗಂಜಿಯ ಕೈಯಲ್ಲೇ ನಡುಮನೆಗೆ ಕರೆದು ನಿಲ್ಲಿಸಿ, ಏನಾದರೂ ತೆಲುಗಿನಲ್ಲಿ ಹೇಳು ಅನ್ನುವರು. ಕೋಲೆಬಸವನಿಗೂ ಅಷ್ಟು ಸಲ ತಲೆ ಆಡಿಸಲು ಹೇಳುವುದಿಲ್ಲ. ನಾನು ಏನೋ ಒಂದು ಅನ್ನುತ್ತಿದ್ದೆ. ಅವರು ಬಿದ್ದು ಬಿದ್ದು ನಗುತ್ತಿದ್ದರು. ಅತ್ತೆಯ ಬಾಯಿಂದ ಎಲೆಅಡಿಕೆಯ ರಸ ಗದ್ದಕ್ಕಿಳಿದು ಸೆರಗಿಗೆ ತೊಟ್ಟಿಕ್ಕುತ್ತಿತ್ತು. ಥೂ! ಗಂಡ ಅನ್ನಿಸಿಕೊಂಡವರು ಗೋಡೆಗೆ ಒರಗಿ ಹಲ್ಲು ಕಿರಿಯುತ್ತಿದ್ದರು. "ತಮಾಷೆಗೆ ಕಣೇ, ಅದಕ್ಯಾಕೆ ಮುಖ ಊದಿಸ್ಕೊಂತೀಯಾ?" ಎಂದು ಆಮೇಲೆ ಸಮಾಧಾನ ಬೇರೆ.

ಇಷ್ಟನ್ನೂ ಹೇಗೋ ನುಂಗಿಕೊಂಡೆ. ನುಂಗಲಾಗದ್ದು ಮಗಳದು. ನಾನೇ ಹೆತ್ತ ಕೂಸು, ಅಜ್ಜಿಯ ಹತ್ತಿರ ಅರಳು ಹುರಿದ ಹಾಗೆ ತೆಲುಗು. ನನ್ನತ್ತ ತಿರುಗಿದ ಕೂಡಲೇ ಸೊಪ್ಪಿನವಳ ಕನ್ನಡ. ಹಟಕ್ಕೆ ಬಿದ್ದು ಅವಳೊಡನೆ ತೆಲುಗನ್ನೇ ಆಡಿದೆ. ಒಂದು ದಿನ ಹಾಗೆ ಊಟಕ್ಕೆ ಕರೆದರೆ, "ಅಂಗಲ್ಲಮ್ಮಾ, ನೀ ಕನ್ನಡದಾಗೇ ಕರಿ" ಎಂದು ಥೇಟ್ ಅಜ್ಜಿಯ ಹಾಗೇ ಕೈ ಅಡ್ಡ ಹಿಡಿದಳು. ಮೊಣಕಾಲುದ್ದದ ಕೂಸು! ಇವಳೊಬ್ಬಳು ನನ್ನೊಡನೆ ತೆಲುಗಿನಲ್ಲಿ ಮಾತಾಡಿಬಿಟ್ಟರೆ ಸಾಕು, ನಾನು ಈ ಮನೆಯವಳಾದ ಹಾಗೆ ಅನ್ನಿಸುತ್ತಿತ್ತು. ಬೇರೆ ಏನೂ ಬೇಕಿರಲಿಲ್ಲ. ರಾಟೆಯಲ್ಲಿ ನೂಲು ಸುತ್ತುವಾಗ ನನ್ನಷ್ಟಕ್ಕೆ ನಾನೇ ತೆಲುಗು ಆಡಿಕೊಳ್ಳುತ್ತಿದ್ದೆ. ರಾಟೆ ನಗುವುದಿಲ್ಲ. ವರ್ಷಗಟ್ಟಲೆ ನಾನು ಮಾತು ಕಲಿತದ್ದು ಅದರ ಹತ್ತಿರ.

ಸ್ವಾತಂತ್ರ್ಯ ಬಂದ ಮರುವರ್ಷ ಅತ್ತೆ ಸತ್ತರು. ನಮ್ಮಲ್ಲಿ ಹೆಣದ ಮುಂದೆ ಸುಮ್ಮನೆ ಅತ್ತರೆ ಸಾಲದು, ಹಾಡಿಕೊಂಡು ಅಳಬೇಕು. ಮೊದಲು ಸೊಸೆ ಎತ್ತಿಕೊಳ್ಳಬೇಕು, ಆಮೇಲೆ ಉಳಿದವರು. ಹಾಗೆ ಅಳುವವಳು ಏನೇ ಅಂದರೂ ಯಾರೂ ತಡೆಯುವಂತಿಲ್ಲ, ಎದುರು ಮಾತಾಡುವಂತಿಲ್ಲ. ಬೀದಿಯ ಹೆಂಗಸರೆಲ್ಲ ಬಂದು ಕೂತರು. ಕೆಲವರು ಬಂದದ್ದೇ ನನ್ನ ತೆಲುಗು ಕೇಳಿ ನಗಲು. ಆಗಲೇ ಸೆರಗು ಬಾಯಿಗೆ ಅಡ್ಡ ಹಿಡಿದಿದ್ದರು. ಗಂಡನ ತಂಗಿ ನನ್ನ ಕಿವಿಯ ಹತ್ತಿರ ಬಗ್ಗಿ, "ನೀನು ಸುಮ್ಕೆ ಅಳು ಅತ್ತಿಗೆ, ಹಾಡೋದು ನಾನು ನೋಡ್ಕೊಂತೀನಿ. ಜನದ ಮುಂದೆ ಮಾನ ಹೋಗ್ತದೆ" ಎಂದಳು. ಅದನ್ನೂ ಕನ್ನಡದಲ್ಲಿ.

ಹೆಣದ ಮುಂದೆಯೂ ಕನ್ನಡ! ಮೈಯೆಲ್ಲ ಉರಿದುಹೋಯಿತು. ಅವಳ ಕೈ ತಳ್ಳಿ, ಅತ್ತೆಯ ಕಾಲ ಬುಡದಲ್ಲಿ ಕೂತು, ತೆಲುಗಿನಲ್ಲೇ ಎತ್ತಿಕೊಂಡೆ. ಅತ್ತಾ, ನಾ ಬಾಯಿ ತೆಗೆದರೆ ನಗುತ್ತಿದ್ದೆಯಲ್ಲಾ, ನೆಂಟರ ಮುಂದೆ ನಿಲ್ಲಿಸಿ ಕುಣಿಸಿದೆಯಲ್ಲಾ, ನನ್ನ ಮಗಳ ಕೈಲೇ ನನ್ನನ್ನು ಬಾಗಿಲಾಚೆ ನಿಲ್ಲಿಸಿದೆಯಲ್ಲಾ. "ಇಪ್ಪುಡು ನವ್ವು ಅತ್ತಾ, ಇಪ್ಪುಡು ನವ್ವು!" ಈಗ ನಗು, ಈಗ ನಗು. ತಪ್ಪುಗಳು ಬೇಕಾದಷ್ಟು ಇದ್ದಿರಬೇಕು, ಯಾರಿಗೆ ಬೇಕಿತ್ತು ಅದು? ಇಷ್ಟು ವರ್ಷ ಗಂಟಲಲ್ಲಿ ಕೂತದ್ದು ಒಂದೂ ಉಳಿಯದೆ ಹೊರಗೆ ಬಂತು. ಕಣ್ಣಲ್ಲಿ ನೀರು ಸುರಿದದ್ದು ನಿಜ, ಸತ್ತವರಿಗಾಗಿ ಅಲ್ಲ. ಬೀದಿಗೆಲ್ಲ ಅರ್ಥವಾಯಿತು. ಒಬ್ಬರೂ ನಗಲಿಲ್ಲ. ನನ್ನ ಗಂಡ ಜಗಲಿಯ ಕಂಬ ನೋಡುತ್ತಾ ನಿಂತಿದ್ದರು.

ಹೆಣ ಎತ್ತಿದ ಮೇಲೆ ಅದೇ ಹೆಂಗಸರು ನನ್ನ ಸುತ್ತ ಸೇರಿ, ಸೊಸೆ ಎಂದರೆ ಹೀಗಿರಬೇಕು, ಎಂಥ ಅಳು, ಎಂದು ಕೊಂಡಾಡಿದರು. ತೆಲುಗಿನಲ್ಲಿ! ನಾನು ಬೈದದ್ದು ಅವರಿಗೂ ಗೊತ್ತು. ಛೀ, ಇವರ ಮಾತು ಕಲಿಯಲು ಇಷ್ಟು ವರ್ಷ ಹೆಣಗಾಡಿದೆನಲ್ಲ ಅನ್ನಿಸಿ ಹೇಸಿಗೆಯಾಯಿತು.

ತಲೆಗೆ ನೀರು ಹಾಕಿಕೊಂಡು ಹಿತ್ತಲಲ್ಲಿ ಕೂತಿದ್ದೆ. ಪಕ್ಕದ ಮನೆಯವರು ಅನ್ನ ಸಾರು ತಂದಿಟ್ಟಿದ್ದರು. ಮಗಳು ಬಾಗಿಲಲ್ಲಿ ಬಂದು ನಿಂತಳು. ಅಜ್ಜಿಗಾಗಿ ಅತ್ತು ಅತ್ತು ಮುಖ ಬಾತಿತ್ತು. ನನ್ನ ಮುಖ ನೋಡದೆ, ನೆಲ ನೋಡುತ್ತಾ, "ಅಮ್ಮಾ, ರಾ, ಅನ್ನಂ ತಿನು" ಎಂದಳು.

ಬಾ, ಊಟ ಮಾಡು. ವರ್ಷಗಟ್ಟಲೆ ಕಾದಿದ್ದ ಮಾತು. ಆದರೆ ಅವಳ ದನಿ ನಡುಗುತ್ತಿತ್ತು. ಅಜ್ಜಿಯ ಹತ್ತಿರ ಹುರಿಯುತ್ತಿದ್ದ ಅರಳಿನ ಸದ್ದು ಅದರಲ್ಲಿರಲಿಲ್ಲ. ಬೆಳಿಗ್ಗೆ ಹೆಣದ ಮುಂದೆ ನನ್ನ ಬಾಯಿ ನೋಡಿ ಹೆದರಿಕೊಂಡಿದ್ದಳು, ಅಷ್ಟೇ. ಹೆದರಿ ಕೊಟ್ಟ ತೆಲುಗು ಯಾರಿಗೆ ಬೇಕು?

"ಕನ್ನಡದಾಗೇ ಕರಿ ಮಗಾ" ಎಂದೆ.

ಅವಳು ತಲೆ ಎತ್ತಿ ನೋಡಿದಳು. "ಬಾಮ್ಮಾ, ಉಣ್ಣು ಬಾ" ಎಂದಳು. ಎದ್ದು ಹೋದೆ.