ಮೂವತ್ಮೂರನೆಯ ಪುಟ ಮತ್ತು ಗಂಗಾ ಹೆಗಡೆಯವರ ಹೊಟ್ಟೆಕಿಚ್ಚು

ನಮ್ಮ ಕರಾವಳಿಯಲ್ಲಿ ಪುಸ್ತಕ ಓದಿದವರು ಬಹಳ, ಬರೆದವರೂ ಸಾಕಷ್ಟು. ಆದರೆ ಸರಿಯಾದ ಪುಸ್ತಕವನ್ನು ಸರಿಯಾದ ಕೈಗೆ ಇಟ್ಟವರು ಯಾರೆಂದು ಕೇಳಿದರೆ ಶ್ರೀಮತಿ ಗಂಗಾ ಹೆಗಡೆಯವರ ಹೆಸರೇ ಮೊದಲು ಬಾಯಿಗೆ ಬರುತ್ತದೆ. ಮೂವತ್ತನಾಲ್ಕು ವರ್ಷಗಳ ಸೇವೆಯ ಬಳಿಕ ಹೊನ್ನಾವರದ ಗ್ರಂಥಪಾಲಕಿಯಾಗಿ ನಿವೃತ್ತರಾದ ಅವರ ಗುಣಗಳನ್ನು ಈ ಅಭಿನಂದನಾ ಸಂಪುಟದಲ್ಲಿ ಬೇರೆಯವರು ಬರೆದಿದ್ದಾರೆ. ಅವರ ಹೊಟ್ಟೆಕಿಚ್ಚಿನ ಬಗ್ಗೆ ಬರೆಯುವ ಧೈರ್ಯ ಜೊತೆಗೆ ದುಡಿದ ನಮಗೆ ಮಾತ್ರ ಇದ್ದೀತು.

ಕುಮಟೆಯಲ್ಲಿ ಸಹಾಯಕಿಯಾಗಿ ಸೇರಿದಾಗಿನಿಂದಲೂ ಅವರು ಹೊಸ ಪುಸ್ತಕ ಬಂದರೆ ಮೊದಲು ಮೂಸಿ ನೋಡಿ, ಆಮೇಲೆ ಮೂವತ್ಮೂರನೆಯ ಪುಟದಲ್ಲಿ ಗ್ರಂಥಾಲಯದ ಮುದ್ರೆ ಒತ್ತುತ್ತಿದ್ದರು. ಮೊದಲ ಪುಟ ಹರಿದು ಪುಸ್ತಕ ಲಪಟಾಯಿಸಿದವನೂ ಆ ಗುಟ್ಟಿನ ಮುದ್ರೆಗೆ ಸಿಕ್ಕಿಬೀಳಲೇಬೇಕು. ಭಟ್ಕಳಕ್ಕೆ ವರ್ಗವಾದಾಗ ಉರ್ದು ಪುಸ್ತಕಗಳನ್ನು ತಾವು ತಲೆಕೆಳಗಾಗಿ ನಿಲ್ಲಿಸಿದ್ದನ್ನು ಓದುಗರೊಬ್ಬರು ನಗುತ್ತ ತೋರಿಸಿದರಂತೆ. ಆರೇ ತಿಂಗಳಲ್ಲಿ ಆ ಲಿಪಿ ಕಲಿತು ಕಪಾಟನ್ನೆಲ್ಲ ಹೊಸದಾಗಿ ಜೋಡಿಸಿದರು.

ಹೊನ್ನಾವರದಲ್ಲಿ ಅವರ ಅಚ್ಚುಮೆಚ್ಚಿನ ಓದುಗರು ಪಕ್ಕದ ಕಾಸರಕೋಡಿನ ಸುಬ್ಬಿ. ಏಳನೆಯ ತರಗತಿಯವರೆಗೆ ಓದಿದ ಸುಬ್ಬಕ್ಕ ಪ್ರತಿ ಬುಧವಾರ ಮೀನು ಮಾರಿ ಮುಗಿಸಿ, ಹೊರಗಿನ ನಲ್ಲಿಯಲ್ಲಿ ಮೊಳಕೈವರೆಗೆ ಕೈ ತೊಳೆದು ಒಳಗೆ ಬಂದರೆ, ಗಂಗಾ ಅವರು ಯಾರಿಗೂ ಕಾಣದಂತೆ ಎತ್ತಿಟ್ಟ ಕಾದಂಬರಿಯನ್ನು ಕೊಡುತ್ತಿದ್ದರು. ಹನ್ನೆರಡು ವರ್ಷ ತಪ್ಪದೆ ನಡೆದ ಈ ಪರಿಪಾಠ ಹೋದ ವರ್ಷ ನಿಂತಿತು. ನಾಲ್ಕು ಬುಧವಾರ ಸುಬ್ಬಕ್ಕ ಬರಲಿಲ್ಲ. ಮೊಮ್ಮಗಳು ಅರ್ಚನಾ ಅಜ್ಜಿಗೆ ಇ-ರೀಡರ್ ತಂದುಕೊಟ್ಟಿದ್ದಾಳೆ ಎಂಬ ಸುದ್ದಿ ಮಾತ್ರ ಬಂತು.

ಗಂಗಾ ಅವರ ಮೈಯೆಲ್ಲ ಉರಿಯಿತು. ವಾಸನೆಯಿಲ್ಲದ, ಮುದ್ರೆಯಿಲ್ಲದ, ಅಂಗೈಯಗಲದ ಹಲಗೆಯೊಂದು ತನ್ನ ಓದುಗರನ್ನು ಕಸಿದುಕೊಂಡಿತಲ್ಲ ಎಂದು ಅವರಿಗೆ ಊಟ ಸೇರಲಿಲ್ಲ. ಸಿಟ್ಟೆಲ್ಲ ನಮ್ಮ ಮೇಲೆ ಬಿತ್ತು. ಸೇವಾವಧಿಯಲ್ಲಿ ಒಮ್ಮೆಯೂ ಪುಸ್ತಕ ಕೇಳಿಕೊಂಡು ಓದುಗರ ಮನೆಗೆ ಹೋಗದವರು ಅಂದು ವಾಪಸು ಬಾರದ ಒಂದು ಕಾದಂಬರಿಯ ನೆಪ ಹಿಡಿದು ರಿಕ್ಷಾ ಹತ್ತಿದರು.

ಸುಬ್ಬಕ್ಕ ಜಗಲಿಯಲ್ಲಿ ಕೂತು ಓದುತ್ತಿದ್ದರು. ಪರದೆಯ ಮೇಲೆ ಒಂದೊಂದು ಅಕ್ಷರವೂ ಅಡಿಕೆಯಷ್ಟು ದಪ್ಪ. ಗಂಗಾ ಅವರು ಕುಶಲವನ್ನೂ ಕೇಳದೆ ಅದನ್ನು ಇಸಿದುಕೊಂಡು, ಅಭ್ಯಾಸಬಲದಿಂದ ಮೂವತ್ಮೂರನೆಯ ಪುಟ ಹುಡುಕಿದರು. ಅರ್ಚನಾ ಅಕ್ಷರವನ್ನು ಚಿಕ್ಕದು ಮಾಡಿ ತೋರಿಸಿದರೆ ಆ ಪುಟದಲ್ಲಿದ್ದ ಕತೆ ಇನ್ನೆಲ್ಲಿಗೋ ಹೋಗಿತ್ತು. ನಿಂತಲ್ಲಿ ನಿಲ್ಲದ್ದೂ ಒಂದು ಪುಟವೇ ಎಂದು ಗಂಗಾ ಅವರು ಹಂಗಿಸಿದಾಗ ಸುಬ್ಬಕ್ಕ ತಲೆತಗ್ಗಿಸಿ ಹೇಳಿದರು:

“ಅಕ್ಕೋರೆ, ಒಂದು ವರ್ಷದಿಂದ ನಂಗೆ ಪುಸ್ತಕದ ಅಕ್ಷರ ಕಾಣ್ತೇ ಇರ್ಲಿಲ್ಲ. ಬರೀ ಒಯ್ದು ತಂದು ಮಾಡ್ತಿದ್ದೆ. ನೀವು ನಂಗೆ ಅಂತ ಎತ್ತಿಡ್ತಿದ್ರಿ, ಬೇಡ ಅಂತ ಹೇಳುದು ಹ್ಯಾಂಗೆ?”

ಕತೆ ಹೇಗಿತ್ತೆಂದು ಪ್ರತಿ ಬುಧವಾರ ಕೇಳಿದ್ದು, ಚಲೋ ಇತ್ತೆಂದು ಸುಬ್ಬಕ್ಕ ಹೇಳಿದ್ದು ಎಲ್ಲ ನೆನಪಾಗಿ ಗಂಗಾ ಅವರು ಹಲಗೆಯನ್ನು ಮೆಲ್ಲಗೆ ಸುಬ್ಬಕ್ಕನ ಕೈಗೆ ಮರಳಿಸಿದರು. ಕಿಚ್ಚೇನೂ ಆರಲಿಲ್ಲ, ತನಗೆ ಮಾಡಲಾಗದ್ದನ್ನು ಈ ಹಲಗೆ ಮಾಡಿತಲ್ಲ ಎಂದು ಇನ್ನಷ್ಟು ಹೆಚ್ಚಿತು. ಮರುವಾರವೇ ತಾವೂ ಒಂದನ್ನು ತರಿಸಿ, ಸುಬ್ಬಕ್ಕ ಓದುತ್ತಿದ್ದ ಅರ್ಚನಾಳ ಖಾತೆಯಲ್ಲೇ ಓದಲು ಕೂತರು. ಎರಡು ದಿನ ಬೈದರು. ಮೂರನೆಯ ದಿನ ಅಕ್ಷರ ದೊಡ್ಡದು ಮಾಡಿಕೊಂಡರು. ನಾಲ್ಕನೆಯ ದಿನ ಕನ್ನಡಕ ಎಲ್ಲಿಟ್ಟೆನೆಂಬ ಪರಿವೆಯೂ ಅವರಿಗಿರಲಿಲ್ಲ.

ಈಗ ಸುಬ್ಬಕ್ಕ ಬುಧವಾರ ಮತ್ತೆ ಬರುತ್ತಾರೆ, ಇ-ರೀಡರ್ ಸಮೇತ. ಖಾತೆ ಒಂದೇ, ಓದುವ ಪುಸ್ತಕವೂ ಒಂದೇ ಆದ್ದರಿಂದ ಗಂಗಾ ಅವರು ಮುಂದೆ ಓದಿದರೆ ಸುಬ್ಬಕ್ಕನ ಪುಟವೂ ಅಲ್ಲಿಗೇ ಹಾರಿಬಿಡುತ್ತದೆ. ಮೊನ್ನೆ ಬೀಳ್ಕೊಡುಗೆಯ ದಿನ ನಾವು ಹಾರ ಹಾಕುವ ಮೊದಲೇ ಸುಬ್ಬಕ್ಕ ತರಾಟೆಗೆ ತೆಗೆದುಕೊಂಡರು.

“ಎಂತ ಅಕ್ಕೋರೆ, ನನ್ನ ಬಿಟ್ಟು ಮುಂದೆ ಹೋದ್ರಲ್ಲ? ರಿಟೈರ್ ಆತು, ಇನ್ನು ಹಗಲಿಡೀ ನೀವೇ ಓದೂದು. ನಂಗೆ ಹೊಟ್ಟೆ ಉರೀತದೆ.”

ಗಂಗಾ ಅವರ ಮುಖ ಅಷ್ಟು ಅರಳಿದ್ದನ್ನು ನಾವು ಹಿಂದೆಂದೂ ಕಂಡಿರಲಿಲ್ಲ.

ಅವರಿಗೆ ನೂರು ವರ್ಷದ ಆಯುಷ್ಯವೂ ನಿಚ್ಚಳ ಕಣ್ಣುಗಳೂ ಇರಲಿ. ಸುಬ್ಬಕ್ಕನಿಗೂ ಅಷ್ಟೇ ಇರಲಿ, ಒಂದು ದಿನವೂ ಕಡಿಮೆಯಾಗದಂತೆ. ಒಬ್ಬರ ಮೇಲೊಬ್ಬರು ಹೊಟ್ಟೆಕಿಚ್ಚು ಪಡುತ್ತ ಇಬ್ಬರೂ ಬಹುಕಾಲ ಓದಲಿ.