ಹಡಗಿಗೆ ಬಂದ ಅಕ್ಕನ ದನಿ

ನಮ್ಮ ಮನೆಯವರದು ಮಾನ್ವಿ ಬಸ್ ಸ್ಟ್ಯಾಂಡಿನ ಹತ್ತಿರ ಗೊಬ್ಬರದ ಅಂಗಡಿ. ಬೀಜ, ಗೊಬ್ಬರ, ಬೆಳೆಯ ಹುಳಕ್ಕೆ ಹೊಡೆಯುವ ಎಣ್ಣೆ ಎಲ್ಲ ಅಲ್ಲೇ ಸಿಗುತ್ತದೆ. ಒಂದು ವರ್ಷ ಎಣ್ಣೆ ಕಂಪನಿಯವರು, ಹೆಚ್ಚು ಮಾಲು ಎತ್ತಿದ ಅಂಗಡಿಯವರನ್ನು ಹೆಂಡತಿ ಸಮೇತ ಹಡಗಿನಲ್ಲಿ ಕರೆದೊಯ್ಯುತ್ತೇವೆ ಎಂದರು. ಮುಂಬೈಯಿಂದ ಹೊರಟು ಲಕ್ಷದ್ವೀಪ ನೋಡಿಕೊಂಡು ತಿರುಗಿ ಮುಂಬೈಗೆ, ಒಟ್ಟು ಐದು ದಿನ. ಇವರು ಆ ಕಾಗದ ತಂದು ನನ್ನ ಮುಂದೆ ಹಿಡಿದಾಗ ನಾನು ಮಾವನಿಗೆ ಗಂಜಿ ಕುಡಿಸುತ್ತಿದ್ದೆ.

"ನೀವು ಹೋಗಿ ಬರ್ರಿ. ನಾ ಎಲ್ಲಿ ಬರ್ಲಿ?" ಅಂದೆ.

"ಎಲ್ಲಾರೂ ಜೋಡೀಲೆ ಬರಾಕತ್ತಾರ. ಅಕ್ಕನ್ನ ಕರಸೋಣು. ಐದು ದಿನದ ಮಾತು," ಅಂದರು.

ಮಾವನಿಗೆ ಆಗ ಎಂಬತ್ತಾರು. ಹರೆಯದಲ್ಲಿ ಅಕ್ಕಿ ಗಿರಣಿಯೊಂದರಲ್ಲಿ ಗುಮಾಸ್ತರಾಗಿ ಸೇರಿ, ಬಂದ ಭತ್ತದ ತೂಕ ನೋಡಿಕೊಳ್ಳುತ್ತಲೇ ಮುದುಕರಾದವರು. ಐದು ವರ್ಷದಿಂದ ಮರೆವು ಹತ್ತಿತ್ತು. ಮೊದಲು ಕನ್ನಡಕ ಇಟ್ಟ ಜಾಗ ಮರೆತರು, ಆಮೇಲೆ ಓಣಿ ಮರೆತರು, ಆಮೇಲೆ ಮಂದಿಯನ್ನು. ನಾನು ಒಂದು ಖಾಸಗಿ ಶಾಲೆಯಲ್ಲಿ ಕನ್ನಡ ಹೇಳಿಕೊಡುತ್ತಿದ್ದೆ, ಅದನ್ನು ಬಿಟ್ಟೆ. ಬೆಳಿಗ್ಗೆ ಎದ್ದರೆ ಅವರ ಸ್ನಾನ, ಹಣೆಗೆ ವಿಭೂತಿ, ಅಂಗೈಯಲ್ಲಿ ಲಿಂಗ ಇಟ್ಟು ಪೂಜೆ ಮಾಡಿಸುವುದು, ಗುಳಿಗೆ, ಗಂಜಿ. ಮಧ್ಯಾಹ್ನ ಮತ್ತೆ ಅದೇ. ಅವರು ಎದ್ದು ಬಾಗಿಲ ಕಡೆ ಹೊರಟರೆ ನಾನೂ ಏಳಬೇಕು. ಒಂದು ಸಿಟ್ಟಿನ ಮಾತು ಅವರ ಬಾಯಿಂದ ಬಂದದ್ದಿಲ್ಲ. ಆದರೂ ದಣಿವು ಎನ್ನುವುದು ಸಿಟ್ಟಿನವರ ಸೇವೆ ಮಾಡಿದರೇ ಬರುತ್ತದೆ ಅಂತೇನಿಲ್ಲ. ಬಚ್ಚಲಲ್ಲಿ ಬಿಸಿನೀರು ತುಂಬುವ ತನಕ ಗೋಡೆಗೆ ಒರಗಿ ನಿಂತಲ್ಲೇ ನಾನು ನಿದ್ದೆ ಮಾಡಿದ್ದುಂಟು.

ಊಟದ ಹೊತ್ತಿಗೆ ಅವರದೊಂದು ಪ್ರಶ್ನೆ ಇತ್ತು. ತಟ್ಟೆ ಮುಂದೆ ಇಟ್ಟ ಕೂಡಲೇ, "ಬಂಡಿ ಬಂತೇನು?" ಅನ್ನುವರು. ಗಿರಣಿಗೆ ಭತ್ತದ ಬಂಡಿ ಬಂದು ತೂಕ ಮುಗಿಯದೆ ಅವರು ಎಂದೂ ಉಂಡವರಲ್ಲವಂತೆ. "ಬಂತ್ರಿ ಮಾವಾರ, ತೂಕಾನೂ ಆತು," ಅಂದರೆ ಸಾಕು, ಕೈ ತಟ್ಟೆಗೆ ಬರುತ್ತಿತ್ತು. "ಯಾವ ಬಂಡಿ?" ಅಂದರೆ ಕೈ ಹಿಂದಕ್ಕೆ. ಇದನ್ನು ಕಂಡುಕೊಳ್ಳಲು ನನಗೆ ಎರಡು ತಿಂಗಳು ಹಿಡಿದಿತ್ತು.

ಅಕ್ಕ ಅಂದರೆ ನಮ್ಮ ಮನೆಯವರ ಅಕ್ಕ. ಜಾಲಹಳ್ಳಿಗೆ ಕೊಟ್ಟಿದ್ದಾರೆ. ಅರವತ್ತು ದಾಟಿದರೂ ಹೊಲ, ಎಮ್ಮೆ ಎಲ್ಲ ಅವರದೇ ಕೈಯಲ್ಲಿ. ಪ್ರತಿ ಭಾನುವಾರ ಫೋನು ಮಾಡುವರು. "ಅಪ್ಪ ಯಾಕ ಸೊರಗ್ಯಾನ? ಹೊಟ್ಟಿತುಂಬ ಹಾಕಾಕತ್ತೀರೋ ಇಲ್ಲೋ?" ಎನ್ನುವುದು ಅವರ ಮೊದಲ ಮಾತು. ಒಂದು ಮದುವೆಯಲ್ಲಿ ಅವರು ಯಾರಿಗೋ, "ಸೊಸಿ ಎಷ್ಟ ಮಾಡಿದ್ರೂ ಸೊಸೀನ. ಮಗಳು ನೋಡಿದಂಗ ಆಗ್ತದೇನು?" ಅಂದದ್ದು ನನ್ನ ಕಿವಿಗೆ ಬಿದ್ದಿತ್ತು. ಆ ಮಾತು ಒಳಗೇ ಕೂತಿತ್ತು.

ಹೊರಡುವ ಹಿಂದಿನ ದಿನ ಅಕ್ಕ ದೇವದುರ್ಗದಲ್ಲಿ ಬಸ್ಸು ಬದಲಿಸಿ, ಒಂದು ಗಂಟು ಸಜ್ಜೆ ರೊಟ್ಟಿ, ಶೇಂಗಾ ಚಟ್ನಿ ಹಿಡಿದು ಬಂದರು. ಯರಗೇರಾದ ವಿಶ್ವವಿದ್ಯಾಲಯದಲ್ಲಿ ಓದುತ್ತಿದ್ದ ನನ್ನ ಮಗಳು ಅವತ್ತು ಮನೆಗೆ ಬಂದಿದ್ದಳು. ಪರೀಕ್ಷೆ ಇದ್ದದ್ದರಿಂದ ಸಂಜೆಗೇ ಹಾಸ್ಟೆಲಿಗೆ ಹೋಗಬೇಕಿತ್ತು. ಹೋಗುವ ಮೊದಲು ಅಕ್ಕನ ಫೋನಿನಲ್ಲಿ ವಾಟ್ಸಾಪ್ ಹಾಕಿಕೊಟ್ಟು, ಮೆಸೇಜು ಬರೆಯುವುದು ಹೇಗೆ, ಮೈಕಿನ ಗುರುತು ಒತ್ತಿ ಮೇಲಕ್ಕೆ ಸರಿಸಿ ಮಾತಾಡಿ ಕಳಿಸುವುದು ಹೇಗೆ ಎಂದು ತೋರಿಸಿದಳು.

ನಾನು ಅಕ್ಕನನ್ನು ಕೂಡ್ರಿಸಿಕೊಂಡು ಗುಳಿಗೆ ಯಾವ ಡಬ್ಬಿಯಲ್ಲಿ, ವಿಭೂತಿ ಎಲ್ಲಿ, ಪಂಚೆ ಹೇಗೆ ಉಡಿಸಬೇಕು ಎಂದು ಹೇಳತೊಡಗಿದೆ. ಅರ್ಧಕ್ಕೇ ಅವರು ಕೈ ಎತ್ತಿದರು.

"ನಮ್ಮಪ್ಪನ್ನ ನಾ ನೋಡ್ಕೊಳ್ಳಾಕ ನೀ ಕಲಿಸಬೇಕೇನ ಬೇ?"

ಹೇಳುವುದನ್ನು ಅಲ್ಲಿಗೆ ನಿಲ್ಲಿಸಿದೆ. ಬಂಡಿಯ ವಿಷಯ ಉಳಿಯಿತು. ಮರೆತೆ ಎಂದು ಆಮೇಲೆ ಎಷ್ಟೋ ದಿನ ನನಗೆ ನಾನೇ ಹೇಳಿಕೊಂಡೆ. ಮರೆತಿರಲಿಲ್ಲ. ನಾಲಿಗೆಯ ತುದಿಯ ತನಕ ಬಂದಿತ್ತು. ನೋಡಲಿ, ಎರಡು ಹೊತ್ತು ತಾವೇ ನೋಡಲಿ ಅನ್ನಿಸಿತು, ನುಂಗಿಕೊಂಡೆ.

ರಾಯಚೂರಿನಿಂದ ರೈಲು, ಮುಂಬೈಯಲ್ಲಿ ಅರ್ಧ ದಿನದ ಸಾಲು. ಹಡಗು ನಾನು ಅಂದುಕೊಂಡ ಹಾಗೆ ಇರಲಿಲ್ಲ. ಒಳಗೆ ಹೋದರೆ ದೊಡ್ಡ ಕಲ್ಯಾಣ ಮಂಟಪ ಹೊಕ್ಕಂತೆ: ರತ್ನಗಂಬಳಿ ಹಾಸಿದ ಮೆಟ್ಟಿಲು, ಲಿಫ್ಟು, ಎಲ್ಲೆಂದರಲ್ಲಿ ಹಾಡು. ಹಡಗು ದಡ ಬಿಟ್ಟಾಗ ಉಳಿದವರು ಮೇಲಕ್ಕೆ ಓಡಿ ಫೋಟೊ ಹೊಡೆಸಿಕೊಂಡರು. ನಾನು ಫೋನು ಕಿವಿಗೆ ಹಿಡಿದು ಅಕ್ಕನ ಜೊತೆ ಮಾತಾಡುತ್ತಿದ್ದೆ.

"ಗಂಜಿ ಕುಡದ್ರೇನು?"

"ಕುಡಿತಾನ ಬಿಡು. ನೀ ಹೋಗಿದ್ದಿ, ಆರಾಮ…" ಅನ್ನುವಷ್ಟರಲ್ಲಿ ದನಿ ತುಂಡಾಯಿತು. ತಿರುಗಿ ಹಚ್ಚಿದರೆ ಹತ್ತಲಿಲ್ಲ.

ನಮ್ಮನ್ನು ಕರೆತಂದಿದ್ದ ಕಂಪನಿಯ ಮನುಷ್ಯ, ನಡುಗಡಲಲ್ಲಿ ಊರಿನ ಸಿಮ್ಮು ನಡೆಯುವುದಿಲ್ಲ, ಹಡಗಿನ ವೈಫೈ ಕೊಳ್ಳಬೇಕು ಎಂದ. ಇವರು ನನ್ನ ಮುಖ ನೋಡಿ, ಎಲ್ಲದಕ್ಕಿಂತ ಸಣ್ಣ ಪ್ಯಾಕು ನನ್ನ ಫೋನಿಗೆ ಹಾಕಿಸಿದರು. ಅದರಲ್ಲಿ ಕಾಲ್ ಹೋಗುವುದಿಲ್ಲ, ಮೆಸೇಜು ಮಾತ್ರ.

ಮರುದಿನ ಬೆಳಿಗ್ಗೆ ಅಕ್ಕನ ಮೆಸೇಜುಗಳು ಬರತೊಡಗಿದವು. ಅವರು ಏಳನೆಯ ಇಯತ್ತೆ ಓದಿದವರು. ಒಂದೊಂದೇ ಅಕ್ಷರ ಹುಡುಕಿ ಒತ್ತುತ್ತಿರಬೇಕು. "ಗುಳಗಿ ಎಲಿ," ಎಂದು ಬಂತು. ಡಬ್ಬಿಯ ಬಣ್ಣ ಬರೆದೆ. "ಸಿಕತು." ಸ್ವಲ್ಪ ಹೊತ್ತಿಗೆ, "ಸನಾನ ವಲ್ಲೆ ಅಂತಾನ." ನೀರು ಮೊದಲು ಕಾಲಿಗೆ ಹಾಕ್ರಿ, ತಲೆಗೆ ಆಮೇಲೆ, ಎಂದು ಬರೆದೆ. ಸುತ್ತ ಮಂದಿ ತಿಂಡಿಯ ತಟ್ಟೆ ಹಿಡಿದು ಓಡಾಡುತ್ತಿದ್ದರು. ಕಿಟಕಿಯ ಆಚೆ ನೀರೋ ನೀರು. ನಾನು ಮಾನ್ವಿಯ ನಮ್ಮ ಬಚ್ಚಲಲ್ಲೇ ಇದ್ದೆ.

"ಇಲ್ಲಿಗೆ ಬಂದೂ ಅದೇ ಏನು?" ಅಂದರು ಇವರು.

"ಮತ್ತ ನೀವು ಮಾತಾಡ್ರಿ," ಎಂದು ಫೋನು ಮುಂದೆ ಹಿಡಿದೆ. ಅವರು ತೆಗೆದುಕೊಳ್ಳಲಿಲ್ಲ. ಇನ್ನೊಂದು ಊರಿನ ಅಂಗಡಿಯವರು ಕರೆದರೆಂದು ಎದ್ದು ಹೋದರು.

ಮಧ್ಯಾಹ್ನದ ಹೊತ್ತಿಗೆ, "ಉಣವಲ್ಲ," ಎಂದು ಬಂತು. ಆಮೇಲೆ, "ಬಂಡಿ ಬಂಡಿ ಅಂತಾನ ಯಾವ ಬಂಡಿ." "ಬಂಡಿ ಬಂತು, ತೂಕ ಆತು ಅನ್ರಿ, ಉಣ್ತಾರ," ಎಂದು ಬೇಗ ಬರೆದು ಒತ್ತಿದೆ. ಹೋಗಲಿಲ್ಲ. ಮತ್ತೊಮ್ಮೆ ಒತ್ತಿದೆ. ಕೆಳಗಿನ ಕೌಂಟರಿಗೆ ಹೋಗಿ ಕೇಳಿದರೆ, ಅಲ್ಲಿದ್ದ ಹುಡುಗಿ ಉಪಗ್ರಹದ ತೊಂದರೆ, ಇಡೀ ಹಡಗಿಗೆ ನೆಟ್ ಇಲ್ಲ, ಯಾವಾಗ ಬರುತ್ತದೋ ಹೇಳಲಾಗದು ಎಂದಳು. ನನ್ನ ಹಿಂದೆ ಇಪ್ಪತ್ತು ಮಂದಿ ಅದೇ ದೂರು ಹಿಡಿದು ನಿಂತಿದ್ದರು.

ಕೋಣೆಗೆ ಬಂದು ಹಾಸಿಗೆಯ ಅಂಚಿಗೆ ಕೂತೆ. ಫೋನಿನಲ್ಲಿ ಮಾಡುವುದಕ್ಕೆ ಏನೂ ಉಳಿದಿರಲಿಲ್ಲ. ಹೇಳಲು ನಾಚಿಕೆಯಾಗುತ್ತದೆ, ಆದರೆ ಆದದ್ದನ್ನೇ ಹೇಳುತ್ತೇನೆ. ಮಾವ ಹಸಿದು ಕೂತಿದ್ದಾರೆ ಎಂದು ಗೊತ್ತಿತ್ತು, ತಪ್ಪು ನನ್ನದೆಂದೂ ಗೊತ್ತಿತ್ತು, ಹಾಗಿದ್ದೂ ಮೈ ಹಗುರಾಯಿತು. ಇನ್ನು ಯಾರೂ ನನ್ನನ್ನು ಕೇಳಲಾರರು. ಚಪ್ಪಲಿ ಸಹ ಬಿಚ್ಚದೆ ಅಡ್ಡಾದೆ. ಊಟಕ್ಕೆ ಇವರು ಎಬ್ಬಿಸಿದರಂತೆ, ಏಳಲಿಲ್ಲವಂತೆ. ಕಣ್ಣು ಬಿಟ್ಟಾಗ ಮರುದಿನದ ಬಿಸಿಲು ಬಿದ್ದಿತ್ತು.

ಮೇಲೆ ಗದ್ದಲ ಕೇಳಿಸಿತು. ಹೋಗಿ ನೋಡಿದರೆ ದ್ವೀಪ ಹತ್ತಿರ ಬಂದಿತ್ತು. ತೆಂಗಿನ ಮರಗಳ ಒಂದು ಗೆರೆ, ಮುಂದೆ ತಿಳಿ ಹಸಿರು ನೀರು. ಅದನ್ನು ನೋಡುವವರು ಕಡಿಮೆ. ಎಲ್ಲರೂ ಒಂದೇ ಕಡೆಯ ಕಟಕಟೆಗೆ ಒತ್ತಿ ನಿಂತು ಫೋನು ಮೇಲೆತ್ತಿದ್ದರು. ದಡದ ಸಿಗ್ನಲ್ ಬರುತ್ತಿತ್ತು. ನನ್ನ ಫೋನೂ ಕೈಯಲ್ಲೇ ಗುಂಯ್‌ಗುಟ್ಟಿತು, ಒಂದರ ಹಿಂದೆ ಒಂದು.

"ಇನೂ ಉಂಡಿಲ್ಲ."

"ಯಾಕ ಉತರ ಇಲ್ಲ."

"ಲಿಂಗ ಪೂಜಿ ಆತು ಹಾಲು ಕುಡದಾನ."

ಅದರ ಕೆಳಗೆ ಒಂದು ಧ್ವನಿ ಸಂದೇಶ, ನಾಲ್ಕು ನಿಮಿಷದ್ದು. ಅದಾದ ಮೇಲೆ ಇಡೀ ಸಂಜೆ ಏನೂ ಇಲ್ಲ. ಕೊನೆಗೆ ಅವತ್ತಿನ ಬೆಳಿಗ್ಗೆಯದು ಒಂದೇ: "ಉಂಡಾನ."

ನಾನು ಗದ್ದಲ ಬಿಟ್ಟು ಮೆಟ್ಟಿಲ ಹತ್ತಿರ ಬಂದು ಫೋನು ಕಿವಿಗೆ ಒತ್ತಿಕೊಂಡೆ. ಮೊದಲಿಗೆ ಅಕ್ಕ ನನ್ನ ಜೊತೆಗೇ ಮಾತಾಡಿದರು. "ನೋಡು ತಂಗಿ, ಅಪ್ಪ ಉಣವಲ್ಲ, ಏನ್ ಮಾಡ್ಲಿ ಹೇಳು." ಆಮೇಲೆ ಫೋನು ಎಲ್ಲೋ ಕೆಳಗೆ ಇಟ್ಟ ಸದ್ದು. ಮೈಕು ನಿಂತಿಲ್ಲವೆಂದು ಅವರಿಗೆ ತಿಳಿದಿರಲಿಲ್ಲ, ಆಮೇಲೆ ಫೋನು ಎತ್ತಿಕೊಂಡು ಹಾಗೇ ಒತ್ತಿ ಕಳಿಸಿರಬೇಕು.

"ಯಪ್ಪಾ, ಒಂದು ತುತ್ತು ಉಣ್ಣಪಾ."

"ಬಂಡಿ ಬಂತೇನು?"

"ಯಾವ ಬಂಡಿ ಯಪ್ಪಾ? ಗಿರಣಿ ಬಿಟ್ಟು ಎಷ್ಟು ವರ್ಷ ಆತು! ನನ್ನ ಮಾರಿ ನೋಡು. ನಾನು ಯಾರು ಹೇಳು?"

ಮಾವ ತಟ್ಟೆ ಸರಿಸಿದ ಸದ್ದಾಯಿತು.

"ನಾ ನಿನ್ನ ಮಗಳು ಯಪ್ಪಾ. ಹಿರೇ ಮಗಳು. ಹೆಗಲ ಮ್ಯಾಲ ಕೂಡಿಸ್ಕೊಂಡು ಗಿರಣಿಗೆ ಕರ್ಕೊಂಡು ಹೋಗ್ತಿದ್ದಿಯಲ್ಲ, ಆಕಿ."

ಆಮೇಲೆ ಅಕ್ಕ ಅಳುವುದು ಕೇಳಿಸಿತು. ಸೆರಗು ಬಾಯಿಗೆ ಒತ್ತಿಕೊಂಡು ಅಳುವ ಅಳು. ಮೂವತ್ತು ವರ್ಷದಲ್ಲಿ ನಾನು ಅವರು ಅತ್ತದ್ದು ಕೇಳಿದ್ದು ಅದೊಂದೇ ಸಲ. ಆಗ ಮಾವನ ದನಿ ಬಂತು, ಬಹಳ ಮೆತ್ತಗೆ, ಬಾಗಿಲಿಗೆ ಬಂದ ಪರ ಊರಿನವರ ಜೊತೆ ಮಾತಾಡುವ ಹಾಗೆ.

"ಯಾರ ಮಗಳವ್ವಾ ನೀನು? ಅಳಬ್ಯಾಡ. ನಮ್ಮ ಸೊಸಿ ಬರ್ತಾಳ ತಡಿ. ನಿನಗೂ ಊಟಕ್ಕ ಹಾಕ್ತಾಳ."

ಅಲ್ಲಿಗೆ ಸಂದೇಶ ಮುಗಿದಿರಲಿಲ್ಲ, ಇನ್ನೂ ಒಂದು ನಿಮಿಷ ಇತ್ತು. ಆ ನಿಮಿಷದಲ್ಲಿ ಫ್ಯಾನಿನ ಸದ್ದು ಬಿಟ್ಟರೆ ಬೇರೇನೂ ಇರಲಿಲ್ಲ.

ಮೆಟ್ಟಿಲ ಮೇಲೆ ಕೂತುಬಿಟ್ಟೆ. ಐದು ವರ್ಷದಲ್ಲಿ ಯಾರಾದರೂ ಒಬ್ಬರು ಅಕ್ಕನಿಗೆ ಇಂಥದೊಂದು ಮಾತು ಕೇಳಿಸಬೇಕು ಎಂದು ನಾನು ಎಷ್ಟು ಸಲ ಬಯಸಿದ್ದೆನೋ. ಕೇಳಿಸಿದವರು ಮಾವನೇ ಆದರು. ಗೆದ್ದ ಹಾಗೆ ಅನ್ನಿಸಬೇಕಿತ್ತು. ಬಸ್ಸು ತಪ್ಪಿ, ಉರಿಬಿಸಿಲಲ್ಲಿ ನಿಂತವರಿಗೆ ಆಗುವಂಥ ಆಯಾಸ ಒಂದೇ ಆಯಿತು.

ಫೋನು ಹಚ್ಚಿದೆ. ಅಕ್ಕ ಒಂದೇ ರಿಂಗಿಗೆ ಎತ್ತಿದರು.

"ಎಲ್ಲಾ ಆರಾಮ ಅದ. ಯಾಕ ಉತ್ರ ಕೊಡಲಿಲ್ಲ? ನಾ ಹೆದರಿದ್ದೆ, ಹಡಗಿಗೆ ಏನರ ಆತೇನು ಅಂತ."

"ನೆಟ್ ಹೋಗಿತ್ರಿ ಅಕ್ಕಾ. ಮಾವಾರು ಉಂಡ್ರೇನು?"

"ಉಂಡ. ನಾನೂ ಎದುರಿಗೆ ತಟ್ಟಿ ಹಾಕ್ಕೊಂಡು ಕೂತೆ. ನಾ ಉಂಡಂಗ ಅವನೂ ಉಂಡ. ಆದ್ರ ಭಾಳ ಹೊತ್ತು ಹಿಡಿತು."

"ಅಕ್ಕಾ, ಬಂಡಿ ಬಂತೇನು ಅಂತ ಕೇಳಿದ್ರ, ಬಂತು, ತೂಕ ಆತು ಅನ್ರಿ. ಅಷ್ಟು ಅಂದ್ರ ಉಣ್ತಾರ."

ಅಕ್ಕ, "ಇದು ಮೊದ್ಲ ಯಾಕ ಹೇಳಲಿಲ್ಲ?" ಅಂದರು.

"ಮರ್ತೆ," ಅಂದೆ.

"ಹೂಂ," ಅಂದರು. ನಂಬಿದರೋ ಇಲ್ಲವೋ ನನಗೆ ಇವತ್ತಿಗೂ ತಿಳಿಯದು. ಆ ಸಂದೇಶದ ಮಾತು ಅವರೂ ಎತ್ತಲಿಲ್ಲ, ನಾನೂ ಎತ್ತಲಿಲ್ಲ.

ದ್ವೀಪಕ್ಕೆ ಕರೆದೊಯ್ಯುವ ಸಣ್ಣ ದೋಣಿಗಳು ಬಂದಿದ್ದವು. ಇವರು ಟೊಪ್ಪಿಗೆ ಹಾಕಿಕೊಂಡು ಸಾಲಿನಲ್ಲಿ ನಿಂತು ನನ್ನನ್ನು ಕೈ ಮಾಡಿ ಕರೆದರು. ಹತ್ತಿರ ಹೋಗಿ, "ನೀವು ನೋಡಿಕೊಂಡು ಬರ್ರಿ, ನನಗ ಕಾಲು ಬ್ಯಾನಿ," ಅಂದೆ. ಅದು ಸುಳ್ಳೂ ಅಲ್ಲ, ಮೊಣಕಾಲಿನ ನೋವು ಹಳೆಯದು. "ಮನಿಯಾಗ ಎಲ್ಲಾ ಆರಾಮೇನು?" ಅಂದರು. "ಆರಾಮ," ಅಂದೆ. ಲಕ್ಷದ್ವೀಪ ಹೇಗಿತ್ತು ಎಂದು ಊರಲ್ಲಿ ಕೇಳಿದವರಿಗೆಲ್ಲ ನಾನು ಇವರು ಹೊಡೆದ ಫೋಟೊ ತೋರಿಸಿದ್ದೇನೆ.

ಮಾನ್ವಿಗೆ ಮುಟ್ಟಿದಾಗ ಅಕ್ಕ ಅಂಗಳದಲ್ಲಿ ಮಾವನ ಪಂಚೆ ಒಣಹಾಕುತ್ತಿದ್ದರು. ಕಣ್ಣ ಕೆಳಗೆ ಕಪ್ಪು ಬಿದ್ದಿತ್ತು. ನನ್ನನ್ನು ನೋಡಿ ಬಕೆಟ್ಟು ಕೆಳಗಿಟ್ಟು, "ಇದನ್ನ ದಿನಾ ಮಾಡ್ತೀಯಲ್ಲ," ಅಂದರು. ಹೊಗಳಿಕೆಯೂ ಅಲ್ಲ, ಪ್ರಶ್ನೆಯೂ ಅಲ್ಲ. ಒಳಗೆ ಮಾವ ನನ್ನನ್ನು ನೋಡಿ, "ಎಲ್ಲಿಗೆ ಹೋಗಿದ್ದಿ? ಪಾಪ, ಯಾರೋ ಹೆಣ್ಣುಮಗಳು ಬಂದಾಳ ನೋಡು," ಅಂದರು. ಬಾಗಿಲಲ್ಲಿ ನಿಂತಿದ್ದ ಅಕ್ಕ ಮುಖ ಆ ಕಡೆ ತಿರುಗಿಸಿಕೊಂಡರು.

ಅಕ್ಕ ಊರಿಗೆ ಹೊರಡುವ ದಿನ ಅವರನ್ನು ಬಸ್ಸಿಗೆ ಹತ್ತಿಸಲು ಹೋದೆ. ಬಂಡಿಯ ವಿಷಯ ಬೇಕಂತಲೇ ಹೇಳಲಿಲ್ಲ ಎಂದು ಅಂದುಬಿಡೋಣ ಅನ್ನಿಸಿತು. ದೇವದುರ್ಗದ ಬಸ್ಸು ಅಷ್ಟರಲ್ಲಿ ಬಂತು, ಮಂದಿ ನುಗ್ಗಿದರು. ಅಕ್ಕ ಸೀಟು ಹಿಡಿಯಲು ಓಡಿದರು. ಕಿಟಕಿಯಿಂದ, "ಸುಗ್ಗಿ ಮುಗದ ಮ್ಯಾಲ ಬರ್ತೀನಿ. ನಾಕು ದಿನ ಇರ್ತೀನಿ," ಅಂದರು. ಭಾನುವಾರದ ಫೋನು ಈಗಲೂ ಬರುತ್ತದೆ. ಅಪ್ಪ ಸೊರಗಿದ್ದಾನೆ ಎನ್ನುವ ಮಾತು ಮಾತ್ರ ನಿಂತಿದೆ.

ಅವರು ಹೇಳಿದಂತೆ ಬಂದರು. ಬಂದ ಮರುದಿನವೇ ಮಾವನನ್ನು ಅವರ ಕೈಗೆ ಬಿಟ್ಟು, ನಾನು ಎರಡು ವರ್ಷದಿಂದ ಮುಂದಕ್ಕೆ ಹಾಕುತ್ತಿದ್ದ ಮೊಣಕಾಲಿನ ನೋವು ತೋರಿಸಲು ರಾಯಚೂರಿಗೆ ಒಬ್ಬಳೇ ಹೊರಟೆ. ಡಾಕ್ಟರು ಎಕ್ಸ್‌ರೇ ನೋಡಿ, ಸವೆದಿದೆ, ಮೆಟ್ಟಿಲು ಕಡಿಮೆ ಮಾಡಿ, ಭಾರ ಎತ್ತಬೇಡಿ ಎಂದರು. ಹೂಂ ಅಂದೆ. ತಿರುಗಿ ಬರುವಾಗ ಬಸ್ಸು ಅರ್ಧ ಖಾಲಿ. ಕಿಟಕಿ ಪಕ್ಕ ಕೂತು ಫೋನು ತೊಡೆಯ ಮೇಲೆ ಇಟ್ಟುಕೊಂಡಿದ್ದೆ. ಮಾನ್ವಿ ಬರುವ ತನಕ ಎರಡು ಮೂರು ಸಲ ತೆಗೆದು ನೋಡಿದೆ. ಸಿಗ್ನಲ್ ತುಂಬಾ ಇತ್ತು. ಮನೆಯಿಂದ ಯಾರೂ ಏನೂ ಕೇಳಿರಲಿಲ್ಲ.